ಅಮೆರಿಕದ ಕನ್ಸರ್ವೇಟಿವ್ ಮಾತುಗಾರರು ವರ್ಣಭೇದದ ಬಗ್ಗೆ ಹೇಳೋದನ್ನ ನಿಜವಾಗಲೂ ನಂಬಿದ್ದಾರಾ?

ಹಿಂಜವಡಿ_ರಾತ್ರಿಪಾಳಿ (ಪುಣೆ)

ನಮಸ್ಕಾರ ಎಲ್ಲರಿಗೂ. ಅಮೆರಿಕದ ಕ್ಲೈಂಟ್, ರಾತ್ರಿ ಪಾಳಿ, ಮೇಲೆ ವಾಕಡ್‌ನಿಂದ ಹಿಂಜವಡಿಗೆ ಹೋಗುವ ಆ ಟ್ರಾಫಿಕ್. ಕಿವಿಗೆ ಏನಾದರೂ ಹಾಕಿಕೊಳ್ಳದಿದ್ದರೆ ತಲೆ ಕೆಡುತ್ತದೆ. ಹಾಗಾಗಿ ಅಮೆರಿಕದ ರಾಜಕೀಯದ ಪಾಡ್‌ಕಾಸ್ಟ್ ಕೇಳುವ ಚಟ ಹತ್ತಿಕೊಂಡಿದೆ. ಎರಡೂ ಕಡೆಯವರದ್ದು ಕೇಳುತ್ತೇನೆ.

ಕನ್ಸರ್ವೇಟಿವ್ ಕಡೆಯವರು ವರ್ಣಭೇದದ ಮಾತು ಬಂದ ಕೂಡಲೇ ಹೇಳುವುದು ಹೆಚ್ಚುಕಮ್ಮಿ ಒಂದೇ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು, ಅಲ್ಲಿಗೆ ದೊಡ್ಡ ಕೆಲಸ ಮುಗಿಯಿತು. ಈಗ ಉಳಿದಿರುವುದು ಅಲ್ಲೊಬ್ಬ ಇಲ್ಲೊಬ್ಬ ಕೆಟ್ಟವನು. ಮೂರು ಹೊತ್ತೂ ಬಣ್ಣದ ಬಗ್ಗೆಯೇ ಮಾತಾಡುವವರು ಲಿಬರಲ್‌ಗಳು. ಇದನ್ನು ಬಿಳಿಯರು ಮಾತ್ರ ಹೇಳಿದ್ದರೆ ನನಗೆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್, ಯೂಟ್ಯೂಬ್ ತಾರೆ ಕ್ಯಾಂಡೇಸ್ ಓವೆನ್ಸ್‌ರಂಥ ಕಪ್ಪು ಜನರೂ ತಮ್ಮ ತಮ್ಮ ರೀತಿಯಲ್ಲಿ ಇದರ ಹತ್ತಿರದ ಮಾತನ್ನೇ ಆಡುತ್ತಾರೆ.

ನಮ್ಮ ಟೀಮಿನಲ್ಲಿ ಎರಡು ಪಕ್ಷ. ಒಬ್ಬನ ಪ್ರಕಾರ ಎಲ್ಲಾ ದುಡ್ಡಿಗೆ, ಮೈಕ್ ಆಫ್ ಆದ ಮೇಲೆ ಅವರೇ ಕೂತು ನಗುತ್ತಾರೆ. ಇನ್ನೊಬ್ಬಳ ಪ್ರಕಾರ ಅವರು ಒಳಗೆ ಇನ್ನೂ ಕೆಟ್ಟವರು, ಹೊರಗೆ ಸೋಸಿ ಹೇಳುತ್ತಾರೆ. ಹೇಳುವುದನ್ನೇ ನಂಬಿರಬಹುದು ಅಂತ ಮಾತ್ರ ಇಬ್ಬರಿಗೂ ಅನ್ನಿಸಲ್ಲ. ಯಾಕೆ?

ಮತ್ತೆ ಕನ್ಸರ್ವೇಟಿವ್ ಲೇಖಕಿ ಆನ್ ಕೋಲ್ಟರ್‌ದ್ದು ಆ ಕ್ಲಿಪ್. 2024ರ ಮೇ ತಿಂಗಳದ್ದು. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಅಭ್ಯರ್ಥಿಯಾಗಲು ಓಡಾಡಿದ್ದ ವಿವೇಕ್ ರಾಮಸ್ವಾಮಿಯ ಪಾಡ್‌ಕಾಸ್ಟ್‌ನಲ್ಲೇ ಕೂತು, ನಿಮ್ಮ ಬಹಳಷ್ಟು ಮಾತು ನನಗೆ ಒಪ್ಪಿಗೆ, ಆದರೂ ನೀವು ಇಂಡಿಯನ್ ಅನ್ನೋ ಕಾರಣಕ್ಕೆ ನಿಮಗೆ ವೋಟು ಹಾಕುತ್ತಿರಲಿಲ್ಲ ಅಂದರು. ಆಮೇಲೆ ಈ ಮಹಾನುಭಾವ ರಾಮಸ್ವಾಮಿ ಏನು ಬರೆದ ಗೊತ್ತಾ? ಒಪ್ಪಲ್ಲ, ಆದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುವ ಧೈರ್ಯ ಇದೆಯಲ್ಲ, ಅದಕ್ಕೆ ಗೌರವ ಅಂತ. ನಮ್ಮ ಟೀಮಿನಲ್ಲಿ ಅವತ್ತು ಕೆಲಸವೇ ಆಗಲಿಲ್ಲ.

ಇಂಥವರ ಮಾತು ಪ್ರಾಮಾಣಿಕವೋ ಅಲ್ಲವೋ ಅಂತ ಹೊರಗಿನಿಂದ ತಿಳಿದುಕೊಳ್ಳಲು ದಾರಿ ಏನಾದರೂ ಇದೆಯಾ? ದಯವಿಟ್ಟು ಮೋದಿ ರಾಹುಲ್ ಕಡೆಗೆ ಎಳೆಯಬೇಡಿ.

---

ಚಾ_ಬಿಸ್ಕುಟ್ (ಡೊಂಬಿವಲಿ)

ವಾಕಡ್ ಟ್ರಾಫಿಕ್‌ನಲ್ಲಿ ಇಷ್ಟೆಲ್ಲ ಯೋಚನೆ ಬರುತ್ತಾ ಗುರು? ನಮಗೆ 8.12ರ ಫಾಸ್ಟ್ ಲೋಕಲ್‌ನಲ್ಲಿ ಉಸಿರಾಡೋಕೂ ಜಾಗ ಇರಲ್ಲ.

---

ದಾದರ್_ಡೆಸ್ಕ್ (ಮುಂಬೈ)

ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು, ಹಾಗಾಗಿ ನನ್ನ ಉತ್ತರ ಸ್ವಲ್ಪ ಪೊಲೀಸ್ ಬುದ್ಧಿಯದ್ದು. ಇಂಥವರ ಒಳಗಿನ ಮಾತು ಹೊರಗೆ ಬರುವುದು ಕೋರ್ಟು ಮೆಸೇಜ್ ಎಲ್ಲಾ ತರಿಸಿಕೊಂಡಾಗ ಮಾತ್ರ. ಅದು ಒಂದು ಸಲ ಆಗಿದೆ. ಮತಯಂತ್ರದ ಕಂಪನಿ ಡೊಮಿನಿಯನ್, ಕನ್ಸರ್ವೇಟಿವ್ ಟಿವಿ ಚಾನೆಲ್ ಫಾಕ್ಸ್ ನ್ಯೂಸ್ ಮೇಲೆ ಹಾಕಿದ ಮಾನನಷ್ಟ ಕೇಸು. 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಷ್ಟರೊಳಗೆ ಆ್ಯಂಕರ್‌ಗಳ ಖಾಸಗಿ ಮೆಸೇಜ್‌ಗಳು ಹೊರಬಿದ್ದಿದ್ದವು. ಅಲ್ಲಿನ ಆ್ಯಂಕರ್ ಟಕರ್ ಕಾರ್ಲ್‌ಸನ್ 2021ರ ಜನವರಿಯಲ್ಲಿ ಟ್ರಂಪ್ ಬಗ್ಗೆ, ಅವನನ್ನು ಕಂಡರೆ ನನಗೆ ವಿಪರೀತ ದ್ವೇಷ ಅಂತ ಬರೆದಿದ್ದ. ಪರದೆ ಮೇಲೆ ಇಂಥದ್ದು ಯಾರಿಗಾದರೂ ಕಂಡಿತ್ತಾ?

ಇದನ್ನು ಕೇಳಿ ನಿಮ್ಮ ಮೊದಲನೇ ಸಹೋದ್ಯೋಗಿ ಕುಣಿಯಬಹುದು, ನೋಡಿ ಎಲ್ಲಾ ನಾಟಕ ಅಂತ. ಸ್ವಲ್ಪ ತಡೆಯಿರಿ. ಅದು ಟ್ರಂಪ್ ಬಗ್ಗೆ, ಚುನಾವಣೆ ಬಗ್ಗೆ. ಬಣ್ಣದ ವಿಷಯದಲ್ಲಿ ಹೊರಬಂದ ಮೆಸೇಜ್ ಬೇರೆಯೇ ಕಥೆ ಹೇಳುತ್ತದೆ. ಅದೇ ತಿಂಗಳು, ಅಮೆರಿಕದ ಸಂಸತ್ ಭವನ ಕ್ಯಾಪಿಟಲ್ ಮೇಲೆ ದಾಳಿ ಆದ ಮಾರನೇ ದಿನ ತನ್ನ ಪ್ರೊಡ್ಯೂಸರ್ ಒಬ್ಬನಿಗೆ ಕಾರ್ಲ್‌ಸನ್ ಕಳಿಸಿದ್ದು. ಟ್ರಂಪ್ ಬೆಂಬಲಿಗರ ಗುಂಪೊಂದು ಆ್ಯಂಟಿಫಾ ಅನ್ನೋ ಎಡಪಂಥೀಯರ ಕಡೆಯ ಒಬ್ಬ ಹುಡುಗನನ್ನು ಹೊಡೆಯುತ್ತಿರುವ ವಿಡಿಯೋ ನೋಡಿದೆ, ಬಿಳಿಯ ಗಂಡಸರು ಹೀಗೆ ಹೊಡೆದಾಡುವುದಿಲ್ಲ ಅಂತ ಬರೆಯುತ್ತಾನೆ. ಅಷ್ಟಕ್ಕೇ ನಿಲ್ಲಿಸಿಲ್ಲ. ಅವನನ್ನು ಸಾಯಿಸಿಬಿಡಲಿ ಅಂತ ನನಗೇ ಆಸೆಯಾಯಿತು, ಆಮೇಲೆ ಇದು ಒಳ್ಳೆಯದಲ್ಲ, ನಾನು ಏನಾಗಬಾರದೋ ಅದೇ ಆಗುತ್ತಿದ್ದೇನೆ ಅನ್ನಿಸಿತು ಅಂತಲೂ ಬರೆದಿದ್ದಾನೆ.

ನನಗೆ ಈ ಮೆಸೇಜ್ ಬಹಳ ಇಷ್ಟ. ಯಾರಿಗೂ ತೋರಿಸಲು ಬರೆದದ್ದಲ್ಲ. ತನ್ನ ಬಗ್ಗೆ ತಾನೇ ಗಾಬರಿಯಾಗಿದ್ದಾನೆ. ಆದರೆ ಬಿಳಿಯರು ಅಂದರೆ ನ್ಯಾಯವಾಗಿ ಹೊಡೆದಾಡುವವರು ಅನ್ನುವ ಭಾಗಕ್ಕೆ ಮಾತ್ರ ಗಾಬರಿ ಇಲ್ಲ! ಅದು ಸಲೀಸಾಗಿ ಬಂದುಬಿಟ್ಟಿದೆ. ನಾಟಕ ಆಡುವವನು ಗ್ರೀನ್ ರೂಮಿನಲ್ಲಿ ಹೀಗೆ ಮಾತಾಡಲ್ಲ.

ಇನ್ನು ಲೆಕ್ಕಾಚಾರ. ಅದೂ ಇದೆ, ಇಲ್ಲ ಅನ್ನಲ್ಲ. ಕನ್ಸರ್ವೇಟಿವ್ ಕಾರ್ಯಕರ್ತ ಕ್ರಿಸ್ಟಫರ್ ರೂಫೋ 2021ರ ಮಾರ್ಚ್‌ನಲ್ಲಿ ಟ್ವಿಟರ್‌ನಲ್ಲೇ ಬರೆದುಕೊಂಡ, 'ಕ್ರಿಟಿಕಲ್ ರೇಸ್ ಥಿಯರಿ' (ವರ್ಣಭೇದ ಕಾನೂನು, ವ್ಯವಸ್ಥೆಯಲ್ಲೇ ಬೆರೆತಿದೆ ಅನ್ನುವ ವಾದ) ಅನ್ನೋ ಬ್ರ್ಯಾಂಡನ್ನು ಜನರ ಮಾತಿನಲ್ಲಿ ಕೂರಿಸಿದ್ದೇವೆ, ಜನಕ್ಕೆ ಬೇಡವೆನಿಸುವ ಎಲ್ಲಾ ಹುಚ್ಚಾಟಗಳನ್ನೂ ಅದರ ಕೆಳಗೆ ಸೇರಿಸಿ ಕೊನೆಗೆ ಆ ಹೆಸರನ್ನೇ ವಿಷ ಮಾಡುತ್ತೇವೆ ಅಂತ. ಯಾರೂ ಕದ್ದು ಕೇಳಿದ್ದಲ್ಲ, ಅವನೇ ಹಾಕಿದ್ದು. ಆದರೆ ಮಾರ್ಕೆಟಿಂಗ್ ಮಾಡಿದ ಅಂದ ಮಾತ್ರಕ್ಕೆ ನಂಬಿಲ್ಲ ಅಂತ ಹೇಗೆ ಹೇಳುತ್ತೀರಿ? ಎಲ್‌ಐಸಿ ಏಜೆಂಟ್ ತನ್ನ ಮನೆಯವರಿಗೂ ಪಾಲಿಸಿ ಮಾಡಿಸಿರುತ್ತಾನೆ.

---

ವಾಶಿ_ಮೇಡಂ (ನವಿ ಮುಂಬೈ)

ಅರ್ಥಶಾಸ್ತ್ರ ಪಾಠ ಮಾಡುವವಳು. ಸೋವೆಲ್ ಮತ್ತು ಓವೆನ್ಸ್ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ನೋಡಿ ಬರೆಯುತ್ತಿದ್ದೇನೆ. ಇಬ್ಬರನ್ನೂ ಒಂದೇ ಡಬ್ಬಿಗೆ ಹಾಕಬೇಡಿ ಪ್ಲೀಸ್.

ಸೋವೆಲ್ ಹುಟ್ಟಿದ್ದು 1930ರಲ್ಲಿ, ನಾರ್ತ್ ಕ್ಯಾರೊಲೈನಾದಲ್ಲಿ. ಬೆಳೆದದ್ದು ಹಾರ್ಲೆಮ್‌ನಲ್ಲಿ. ಇಪ್ಪತ್ತರ ಹರೆಯದಲ್ಲಿ ಮಾರ್ಕ್ಸ್‌ವಾದಿ. ಶಿಕಾಗೋದಲ್ಲಿ ಮಿಲ್ಟನ್ ಫ್ರೀಡ್‌ಮನ್ ಪಾಠ ಕೇಳಿದ ಮೇಲೂ ಮಾರ್ಕ್ಸ್‌ವಾದಿಯಾಗೇ ಉಳಿದಿದ್ದ ಆಸಾಮಿ. 1960ರಲ್ಲಿ ಸರ್ಕಾರದ ಕಾರ್ಮಿಕ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದಾಗ ಪೋರ್ಟೊ ರಿಕೋದ ಸಕ್ಕರೆ ಉದ್ಯಮದ ಲೆಕ್ಕ ಕೈಗೆ ಬಂತು. ಕನಿಷ್ಠ ಕೂಲಿ ಏರಿದ ಹಾಗೆ ಕೆಲಸ ಕಮ್ಮಿಯಾಗುತ್ತಿದೆ. ಇಲಾಖೆಯವರು ಹೇಳಿದರು, ಅದು ಚಂಡಮಾರುತದಿಂದ, ಕಬ್ಬು ಹಾಳಾಯಿತು. ಇವರು ಯೋಚಿಸಿ ಒಂದು ದಾರಿ ಕಂಡುಕೊಂಡರು. ಚಂಡಮಾರುತ ಬರುವ ಮೊದಲು ಹೊಲದಲ್ಲಿ ಎಷ್ಟು ಕಬ್ಬು ನಿಂತಿತ್ತು ಅನ್ನೋ ಅಂಕಿ ಸಿಕ್ಕರೆ ಯಾರು ಸರಿ ಅಂತ ಗೊತ್ತಾಗುತ್ತದೆ. ಮೆಚ್ಚುತ್ತಾರೆ ಅಂದುಕೊಂಡು ಹೇಳಿದರೆ ರೂಮಿನಲ್ಲಿ ಎಲ್ಲರ ಮುಖ ಕಪ್ಪಿಟ್ಟಿತು. ಯಾರಿಗೂ ಆ ಅಂಕಿ ಬೇಕಿರಲಿಲ್ಲ. ತಮ್ಮ ಮನಸ್ಸು ತಿರುಗಿದ್ದು ಅಲ್ಲಿಂದ ಅಂತ ಅವರೇ ಹೇಳಿಕೊಂಡಿದ್ದಾರೆ.

ಅವರ ತೀರ್ಮಾನಗಳನ್ನು ನಾನು ಬಹಳ ಕಡೆ ಒಪ್ಪಲ್ಲ. ಆದರೆ ಆ ಮನುಷ್ಯ ನಂಬದೆ ಹೇಳುತ್ತಿದ್ದಾರೆ ಅಂತ ಯಾರಾದರೂ ಅಂದರೆ ಅವರು ಓದಿಲ್ಲ ಅಂತ ಅರ್ಥ. ವರ್ಣಭೇದ ಇಲ್ಲ ಅಂತ ಅವರು ಹೇಳುವುದೇ ಇಲ್ಲ. ಇದೆ, ಆದರೆ ಕಪ್ಪು ಬಿಳಿ ನಡುವಿನ ಎಲ್ಲಾ ಅಂತರಕ್ಕೂ ಅದೇ ಕಾರಣ ಅಂತ ಸುಮ್ನೆ ಅಂದುಕೊಳ್ಳಬೇಡಿ, ಲೆಕ್ಕ ತೋರಿಸಿ ಅನ್ನುತ್ತಾರೆ. ಟಿವಿಯಲ್ಲಿ ಅದು ಅರ್ಧ ನಿಮಿಷದ ಮಾತಾಗುವಾಗ ರೇಸಿಸಂ ಮುಗಿದುಹೋಗಿದೆ ಅಂತಾಗುತ್ತದೆ.

ಓವೆನ್ಸ್ ವಿಷಯ ಬೇರೆ. 2007ರಲ್ಲಿ, ಹೈಸ್ಕೂಲಿನಲ್ಲಿದ್ದಾಗ, ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಆಕೆಗೆ ಹುಡುಗರು ಫೋನಿನಲ್ಲಿ ಬಣ್ಣ ಹಿಡಿದು ಬೈದು ಕೊಲ್ಲುತ್ತೇವೆ ಅಂತ ಸಂದೇಶ ಬಿಟ್ಟಿದ್ದರು. ಕಪ್ಪು ಜನರ ಹಳೆಯ ಸಂಘಟನೆ ಎನ್‌ಎಎಸಿಪಿ ಆಕೆಯ ಪರವಾಗಿ ನಿಂತಿತು. ಮನೆಯವರು ಶಾಲಾ ಮಂಡಳಿ ಮೇಲೆ ಕೇಸು ಹಾಕಿದರು, 37,500 ಡಾಲರ್‌ಗೆ ರಾಜಿಯಾಯಿತು. ಆಮೇಲೆ ಆಕೆಯ ಒಂದು ವೆಬ್‌ಸೈಟಿನಲ್ಲಿ ಟ್ರಂಪ್‌ನನ್ನು ಗೇಲಿ ಮಾಡುವ ಬರಹ ಬರುತ್ತಿತ್ತು. 2017ಕ್ಕೆ ಪೂರ್ತಿ ಉಲ್ಟಾ, ಕನ್ಸರ್ವೇಟಿವ್ ಯೂಟ್ಯೂಬ್ ತಾರೆ. ನೋಡಿದ ಕೂಡಲೇ ದುಡ್ಡಿನ ವಾಸನೆ ಬರುತ್ತದೆ, ಒಪ್ಪುತ್ತೇನೆ. ಆದರೆ ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಮನಸ್ಸು ಬದಲಾಯಿಸುವವರು ಎಷ್ಟು ಜನ ಇಲ್ಲ? ಬದಲಾದ ದಿಕ್ಕಿನಲ್ಲೇ ಚಪ್ಪಾಳೆಯೂ ಸಿಕ್ಕಿದರೆ, ಮನಸ್ಸು ಬದಲಾದದ್ದು ಮೊದಲೋ ಚಪ್ಪಾಳೆ ಮೊದಲೋ ಅಂತ ಆಕೆಗೂ ಗೊತ್ತಿರಲಿಕ್ಕಿಲ್ಲ.

---

ಮುಲುಂಡ್_ಶೆಟ್ರು (ಮುಂಬೈ)

ಮಾರಾಯ್ರೇ, ಈ ಪ್ರಶ್ನೆಗೆ ಅಮೆರಿಕದವರೆಗೆ ಯಾಕೆ ಹೋಗಬೇಕು. ನಮ್ಮಪ್ಪ ಹೋಟೆಲಿನ ಗಲ್ಲಾದಲ್ಲಿ ಕೂತು 'ಮಾರ್ಮಿಕ್' ಓದುತ್ತಿದ್ದರು. ಅರವತ್ತರ ದಶಕದ ಮಾತು. ಬಾಳ್ ಠಾಕ್ರೆ 1960ರಲ್ಲಿ ಶುರು ಮಾಡಿದ ವಾರಪತ್ರಿಕೆ. ಅದರಲ್ಲಿ ಯಾವ ಯಾವ ಕಂಪನಿಯಲ್ಲಿ ಎಷ್ಟೆಷ್ಟು ದಕ್ಷಿಣದವರು ಸಾಹೇಬರಾಗಿದ್ದಾರೆ ಅಂತ ಹೆಸರಿನ ಪಟ್ಟಿ ಬರುತ್ತಿತ್ತು. ತಲೆಬರಹ ಮೊದಲು 'ಓದಿ, ತೆಪ್ಪಗೆ ಕೂತ್ಕೊಳ್ಳಿ' ಅಂತ, ಆಮೇಲೆ 'ಓದಿ, ಎದ್ದೇಳಿ' ಅಂತ. 1966ರ ಜೂನ್‌ನಲ್ಲಿ ಶಿವಸೇನೆ ಹುಟ್ಟಿತು. 'ಬಜಾವ್ ಪುಂಗಿ, ಹಟಾವ್ ಲುಂಗಿ' ಕೂಗಿದ್ದು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು ಎಲ್ಲರಿಗೂ ಗೊತ್ತು.

ಅಪ್ಪ ಅದನ್ನು ಯಾಕೆ ಓದುತ್ತಿದ್ದರು ಅಂದರೆ, ಗಿರಾಕಿ ಏನು ಓದುತ್ತಾನೆ ಅಂತ ನಮಗೆ ಗೊತ್ತಿರಬೇಕು ಅನ್ನುತ್ತಿದ್ದರು. ಕಾರ್ಟೂನ್ ನೋಡಿ ನಗುತ್ತಲೂ ಇದ್ದರು. ಚೆನ್ನಾಗಿದ್ದದ್ದು ಹೌದಲ್ಲ.

ಈಗ ಕೇಳಿ. ಇದೇ ಠಾಕ್ರೆ ಮೊದಲು ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕಾರ್ಟೂನಿಸ್ಟ್. ಅಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವರು ಯಾರು? ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಇಬ್ಬರೂ ಕೊನೆಯವರೆಗೆ ಸ್ನೇಹಿತರು. ಒಬ್ಬ ದಕ್ಷಿಣದವನ ಜೊತೆ ಅಷ್ಟು ಸ್ನೇಹ ಇಟ್ಟುಕೊಂಡು ದಕ್ಷಿಣದವರ ಪಟ್ಟಿ ಅಚ್ಚು ಹಾಕಿದ್ದು ಪ್ರಾಮಾಣಿಕವೋ ಅಲ್ಲವೋ? ಆಮೇಲೆ ಎಂಬತ್ತರ ದಶಕದಲ್ಲಿ ಪಕ್ಷ ಹಿಂದುತ್ವಕ್ಕೆ ತಿರುಗಿದ ಮೇಲೆ ನಮ್ಮವರೂ ಬೇಕಾದರು. ಅರವತ್ತರಲ್ಲಿ ನಂಬಿದ್ದರಾ, ಎಂಬತ್ತರಲ್ಲಿ ನಂಬಿದ್ದರಾ? ನನ್ನನ್ನು ಕೇಳಿದರೆ ಎರಡು ಸಲವೂ ನಂಬಿರಬಹುದು. ಕೂಗಿಗೆ ಕೂಗು ವಾಪಸ್ ಬಂದರೆ ಯಾರಿಗೂ ನಂಬಿಕೆ ಬರುತ್ತದೆ.

ಅಮೆರಿಕದಲ್ಲೂ ಒಬ್ಬನಿದ್ದ, ಜಾರ್ಜ್ ವಾಲೇಸ್. 1958ರಲ್ಲಿ ಅಲಬಾಮಾದ ಗವರ್ನರ್ ಆಗಲು ನಿಂತಾಗ ಅವನು ಸ್ವಲ್ಪ ಮೆದು. ಎನ್‌ಎಎಸಿಪಿ ಬೆಂಬಲವೂ ಇತ್ತು. ಸೋತ. 1962ರಲ್ಲಿ ಬಣ್ಣದ ಹಗೆಯನ್ನೇ ಹೊತ್ತುಕೊಂಡು ಬಂದು ಗೆದ್ದ. ಮರುವರ್ಷ ಪ್ರಮಾಣವಚನದ ದಿನ, ಇಂದೂ ನಾಳೆಯೂ ಎಂದೆಂದಿಗೂ ಕಪ್ಪು ಬಿಳಿ ಬೇರೆ ಬೇರೆ ಅಂತ ಅವನು ಕೂಗಿದ್ದು ಇವತ್ತಿಗೂ ಕೇಳಸಿಗುತ್ತದೆ. 1972ರಲ್ಲಿ ಗುಂಡು ತಿಂದು ವೀಲ್‌ಚೇರ್ ಹಿಡಿದ. ಆಮೇಲೆ ಕಪ್ಪು ನಾಯಕರ ಕ್ಷಮೆ ಕೇಳಿದ, 1982ರಲ್ಲಿ ಕಪ್ಪು ಜನರ ವೋಟನ್ನೂ ಪಡೆದು ಮತ್ತೆ ಗೆದ್ದ. ಇದರಲ್ಲಿ ಯಾವ ವಾಲೇಸ್ ಒರಿಜಿನಲ್ ಅಂತ ಹುಡುಕುತ್ತಾ ಕೂತರೆ ಹೋಟೆಲ್ ಬಾಗಿಲು ಹಾಕುವ ಹೊತ್ತಾಗುತ್ತದೆ. ಅಲಬಾಮಾದ ಕಪ್ಪು ಮಕ್ಕಳಿಗೆ ಅವನ ಮನಸ್ಸಿನಿಂದ ಏನಾಗಬೇಕಿತ್ತು? 1963ರಲ್ಲಿ ಅವನು ಹೋಗಿ ಯೂನಿವರ್ಸಿಟಿ ಬಾಗಿಲಲ್ಲಿ ಅಡ್ಡ ನಿಂತ, ಅಷ್ಟು ಸಾಕಲ್ಲ.

---

ಠಾಣೆ_ರಾವ್ (ಠಾಣೆ)

ನಾನು ಕನ್ಸರ್ವೇಟಿವ್. ಇದೇ ಅಮೆರಿಕದವರನ್ನು ಬಹಳ ಕಾಲದಿಂದ ಓದುತ್ತಾ ಬಂದವನು. ಸುಮ್ನೆ ಒಂದು ಮಾತು ಕೇಳುತ್ತೇನೆ. ಪ್ರಾಮಾಣಿಕವಾ ಅಂತ ಕೇಳುವುದು ಯಾವಾಗಲೂ ನಮ್ಮ ಕಡೆಗೇ ಯಾಕೆ? ಲಿಬರಲ್ ಒಬ್ಬ ಟಿವಿಯಲ್ಲಿ ಕೂತು ವರ್ಣಭೇದದ ಬಗ್ಗೆ ಕಣ್ಣೀರು ಹಾಕಿದರೆ ಅದು ಹೃದಯದಿಂದ ಬಂದದ್ದು, ನಮ್ಮವನು ಮಾತಾಡಿದರೆ ಹಿಂದೆ ಯಾರು ದುಡ್ಡು ಕೊಟ್ಟರು ಅಂತ ಹುಡುಕಾಟ.

2020ರಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತಾಗ ದೊಡ್ಡ ದೊಡ್ಡ ಕಂಪನಿಗಳೆಲ್ಲ ಪ್ರೊಫೈಲ್‌ನಲ್ಲಿ ಕಪ್ಪು ಚೌಕ ಹಾಕಿದವು. ಡೈವರ್ಸಿಟಿ ವಿಭಾಗ ತೆರೆದವು. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ವಾಲ್‌ಮಾರ್ಟ್, ಮೆಕ್‌ಡೊನಾಲ್ಡ್ಸ್, ಮೆಟಾ ಒಂದರ ಹಿಂದೆ ಒಂದು ಆ ಕಾರ್ಯಕ್ರಮಗಳಿಗೆ ಕತ್ತರಿ ಹಾಕಿದವು. ಪ್ರಾಮಾಣಿಕತೆಯ ತಪಾಸಣೆ ಅಲ್ಲಿಂದ ಶುರು ಮಾಡೋಣವಾ?

ಮತ್ತೆ ಹಾರ್ವರ್ಡ್ ಯೂನಿವರ್ಸಿಟಿ ಪ್ರವೇಶದ ಕೇಸು. ಏಷ್ಯಾ ಮೂಲದ ಮಕ್ಕಳಿಗೆ ಮಾರ್ಕ್ಸ್ ಜಾಸ್ತಿ, ಆದರೆ 'ವ್ಯಕ್ತಿತ್ವ' ಅನ್ನೋ ಕಾಲಂನಲ್ಲಿ ಅಂಕ ಕಮ್ಮಿ. ಇದು ವಿಚಾರಣೆಯಲ್ಲಿ ಬಂದ ಸಾಕ್ಷ್ಯ. 2023ರ ಜೂನ್ 29ಕ್ಕೆ ಸುಪ್ರೀಂ ಕೋರ್ಟು ಬಣ್ಣ ನೋಡಿ ಸೀಟು ಕೊಡುವ ಪದ್ಧತಿಯನ್ನು ತೆಗೆದುಹಾಕಿತು. ನಮ್ಮ ಮಕ್ಕಳ ಪರವಾಗಿ ಅಷ್ಟು ವರ್ಷ ಕೂಗಿದವರು ಯಾರು? ಇದೇ ಕನ್ಸರ್ವೇಟಿವ್ ಮಾತುಗಾರರು. ಬಣ್ಣ ನೋಡಬೇಡಿ ಅನ್ನುವುದು ಒಂದು ತತ್ವ. ಅದನ್ನು ನಂಬುವುದಕ್ಕೆ ಯಾರೂ ದುಡ್ಡು ತೆಗೆದುಕೊಳ್ಳಬೇಕಾಗಿಲ್ಲ.

---

ವಾಶಿ_ಮೇಡಂ

ರಾವ್ ಸರ್, ಕಂಪನಿಗಳ ಕಪ್ಪು ಚೌಕದ ಬಗ್ಗೆ ನೀವು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಆ ತತ್ವವೂ ಕೆಟ್ಟದ್ದೇನಲ್ಲ. ಆದರೆ ತತ್ವ ಅಂದ ಮೇಲೆ ಅದು ಎಲ್ಲಿ ಬೇಕಾದರೂ ಕೆಲಸ ಮಾಡಬೇಕಲ್ವಾ? ಹಾರ್ವರ್ಡ್ ತೀರ್ಪು ಬಂದು ಎರಡು ವರ್ಷವೂ ಆಗಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಂಪ್ ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಎಐ ಸಲಹೆಗಾರ ಅಂತ ಆರಿಸಿದರು. ಟ್ರಂಪ್ ಕಡೆಯ ಮಾತುಗಾರ್ತಿ ಲಾರಾ ಲೂಮರ್ ಶುರು ಮಾಡಿದರು, ಎಚ್-1ಬಿ ವೀಸಾದ ಜಗಳ ಹೊತ್ತಿಕೊಂಡಿತು, ಆ ಕ್ರಿಸ್‌ಮಸ್ ವಾರ ಪೂರ್ತಿ ಇಂಡಿಯನ್ನರ ವಾಸನೆ, ಊಟ, ದೇವರು ಎಲ್ಲಾ ಬೈಗುಳಕ್ಕೆ ಬಂದವು. ಕೂಗಿದವರು ಎಡಪಂಥೀಯರಲ್ಲ. ನಿಮ್ಮ ಕಡೆಯಲ್ಲಿ ಮಸ್ಕ್, ರಾಮಸ್ವಾಮಿ ಅವರು ಹೊರಗಿನ ಪ್ರತಿಭೆ ಬೇಕು ಅಂತ ನಿಂತರು, ಅದನ್ನೂ ಹೇಳಬೇಕು. ಮಿಕ್ಕವರಲ್ಲಿ ಎಷ್ಟು ಜನ ಬಣ್ಣ ನೋಡಬೇಡಿ ಅಂತ ಬಂದು ಹೇಳಿದರು? ನಾನು ಹುಡುಕುವುದು ಆ ಹೆಸರುಗಳನ್ನು. ಮನಸ್ಸಿನ ಒಳಗೆ ಇಣುಕಿ ನೋಡಲು ನಮಗೆ ಆಗಲ್ಲ, ತನ್ನ ಗುಂಪೇ ತಪ್ಪು ಮಾಡಿದ ದಿನ ಬಾಯಿ ತೆರೆದನಾ ಅಂತ ನೋಡಬಹುದು.

---

ವಾಸ್ಕೋ_ಬಿಜಾಪುರ (ಗೋವಾ)

ಇಷ್ಟು ಹೊತ್ತಾಯಿತು, ನಮ್ಮ ಗೋವಾದ ಮನುಷ್ಯನ ಹೆಸರೇ ಯಾರೂ ಎತ್ತಲಿಲ್ಲ ನೋಡ್ರಿ. ದಿನೇಶ್ ಡಿಸೋಜಾ! ಹುಟ್ಟಿದ್ದು 1961ರಲ್ಲಿ ಬಾಂಬೆಯಲ್ಲಿ, ಮನೆಯವರು ಗೋವಾದ ಕ್ಯಾಥೊಲಿಕ್ ಜನ. ಶಾಲೆ ಮುಗಿಸಿ 1978ರಲ್ಲಿ ಅಮೆರಿಕಕ್ಕೆ ಹೋದ. 1995ರಲ್ಲಿ ಒಂದು ದಪ್ಪ ಪುಸ್ತಕ ಬರೆದ, ಹೆಸರೇ 'ದಿ ಎಂಡ್ ಆಫ್ ರೇಸಿಸಂ'. ಕಪ್ಪು ಜನರ ಮುಖ್ಯ ಸಮಸ್ಯೆ ವರ್ಣಭೇದ ಅಲ್ಲ, ಅವರ ಸಂಸ್ಕೃತಿ ಅಂತ ವಾದ. ಖಾಸಗಿಯವರು ಭೇದ ಮಾಡಿದರೆ ಸರ್ಕಾರ ತಲೆ ಹಾಕಬಾರದು, 1964ರ ಕಾಯ್ದೆಯ ಆ ಭಾಗ ತೆಗೆದುಬಿಡಿ ಅಂತ ಸಲಹೆ. ಆಗ ಅವನು ಇದ್ದದ್ದು ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಅನ್ನೋ ಕನ್ಸರ್ವೇಟಿವ್ ಚಿಂತನ ಸಂಸ್ಥೆಯಲ್ಲಿ. ಅಲ್ಲೇ ಇದ್ದ ಇಬ್ಬರು ಕಪ್ಪು ಕನ್ಸರ್ವೇಟಿವ್‌ಗಳು, ಗ್ಲೆನ್ ಲೌರಿ ಮತ್ತು ರಾಬರ್ಟ್ ವುಡ್‌ಸನ್, ಪುಸ್ತಕ ನೋಡಿ ಸಂಸ್ಥೆಯ ನಂಟೇ ಬೇಡ ಅಂತ ಹೊರಗೆ ಬಂದರು. ವಾಶಿ ಮೇಡಂ ಹುಡುಕುವ ಹೆಸರುಗಳಲ್ಲಿ ಈ ಎರಡನ್ನು ಬರೆದುಕೊಳ್ಳಲಿ.

ಆ ಪುಸ್ತಕದಲ್ಲಿ ಟ್ಯಾಕ್ಸಿ ಡ್ರೈವರ್‌ನ ಮಾತು ಬರುತ್ತದೆ. ರಾತ್ರಿ ಹೊತ್ತು ಕಪ್ಪು ಹುಡುಗ ಕೈ ಮಾಡಿದರೆ ನಿಲ್ಲಿಸದೆ ಹೋಗುವ ಡ್ರೈವರ್ ರೇಸಿಸ್ಟ್ ಅಲ್ಲ, ಅಪರಾಧದ ಅಂಕಿ ನೋಡಿ ಲೆಕ್ಕ ಹಾಕಿದ ಜಾಣ ಅಂತ. ಓದಿದಾಗ ನನಗೆ ಏನು ನೆನಪಾಯಿತು ಅಂದರೆ, ವಾಸ್ಕೋದಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ಬ್ರೋಕರ್ ಜೊತೆ ನಡೆದ ಮಾತು. ಫೋನಿನಲ್ಲಿ ಕೊಂಕಣಿ ಹಿಂದಿ ಬೆರೆಸಿ ಮಾತಾಡಿದಾಗ ಎಲ್ಲಾ ಸರಿ ಇತ್ತು. ಆಧಾರ್ ಕಾರ್ಡ್‌ನಲ್ಲಿ ಬಿಜಾಪುರ ಜಿಲ್ಲೆ ಕಂಡ ಕೂಡಲೇ, ಓನರ್ ಊರಿಗೆ ಹೋಗಿದ್ದಾರೆ ಅಂದ. ಹೋಗುವಾಗ ಮಾತ್ರ ಬಹಳ ಮರ್ಯಾದೆಯಿಂದ, ನನ್ನದೇನೂ ಇಲ್ಲ ಭಾವು, ಘಾಂಟಿ (ಘಟ್ಟದಾಚೆಯ) ಜನ ಒಬ್ಬರಿಗೆ ಕೊಟ್ಟರೆ ಹತ್ತು ಜನ ಬಂದು ಇರುತ್ತಾರೆ ಅಂತ ಓನರ್‌ಗೆ ಹೆದರಿಕೆ ಅಂದ. ಸುಳ್ಳು ಹೇಳುತ್ತಿರಲಿಲ್ಲ ಅವನು. ಅವನ ಕಣ್ಣಿನಲ್ಲಿ ಅದು ಲೆಕ್ಕ, ಅನುಭವ. ಡಿಸೋಜಾನ ಡ್ರೈವರ್‌ನ ಹಾಗೇ. ಲೆಕ್ಕ ಸರಿಯಿರಲಿ ತಪ್ಪಿರಲಿ, ಕತ್ತಲಲ್ಲಿ ರಸ್ತೆ ಬದಿಗೆ ನಿಂತವನು ನಾನೇ ಅಲ್ವಾ.

ನಾವೇನು ಸಾಚಾ ಅಂತ ಹೇಳುತ್ತಿಲ್ಲ. 2013ರಲ್ಲಿ ಪರ್‍ರಾದಲ್ಲಿ ಒಬ್ಬ ನೈಜೀರಿಯನ್‌ನ ಕೊಲೆಯಾಗಿ, ಅವನ ಕಡೆಯವರು ಪರ್ವರಿ ಹತ್ತಿರ ಹೆದ್ದಾರಿ ತಡೆದಾಗ ಗೋವಾದ ಒಬ್ಬ ಮಂತ್ರಿಯೇ ನೈಜೀರಿಯನ್ನರು ಕ್ಯಾನ್ಸರ್ ಇದ್ದ ಹಾಗೆ ಅಂದಿದ್ದರು. ಆಗ ನಮ್ಮ ಓಣಿಯ ಕನ್ನಡದವರೂ ಹೌದು ಹೌದು ಅಂದರು. 2004ರಲ್ಲಿ ಬೈನಾ ಬೀಚಿನಲ್ಲಿ ಬುಲ್ಡೋಜರ್ ಬಂದು ಅಷ್ಟು ಕನ್ನಡದವರ ಗುಡಿಸಲು ನೆಲಸಮ ಮಾಡಿದ್ದನ್ನು ನೋಡಿದ ಜನವೇ.

ಡಿಸೋಜಾ ಕಥೆ ಇನ್ನೂ ಮುಗಿದಿಲ್ಲ. 2025ರಲ್ಲಿ ಬಲಪಂಥೀಯರ ಕಡೆಯಿಂದಲೇ ಅವನ ಬಣ್ಣ, ಅವನ ಮೂಲ ಹಿಡಿದು ಬೈಗುಳ ಬಿದ್ದವು. ಆಗ ಅವನು ಬರೆದ, ನನ್ನ 40 ವರ್ಷದ ವೃತ್ತಿಯಲ್ಲಿ ಇಂಥ ಮಾತು ನಾನು ಕೇಳಿರಲಿಲ್ಲ, ನಮ್ಮ ಕಡೆಯವರು ಹಿಂದೆ ಹೀಗೆ ಮಾತಾಡುತ್ತಿರಲಿಲ್ಲ, ಇದಕ್ಕೆ ಮಾನ್ಯತೆ ಕೊಟ್ಟವರು ಯಾರು ಅಂತ.

ಇದನ್ನು ನೋಡಿ ನಕ್ಕವರು ಬಹಳ. ನನಗೆ ನಗು ಬರಲಿಲ್ಲ. ಅವನು 1995ರಲ್ಲೂ ನಿಜ ಹೇಳುತ್ತಿದ್ದ ಅಂತ ನನಗೆ ಅವತ್ತು ನಂಬಿಕೆ ಬಂತು. ಅವನಿಗೆ ಕಂಡಿರಲೇ ಇಲ್ಲ. 40 ವರ್ಷ ಯಾರೂ ಅವನ ಎದುರು ಹಾಗೆ ಮಾತಾಡಿರಲಿಲ್ಲ, ಯಾಕಂದರೆ ಅವನು ಅವರಿಗೆ ಬೇಕಾದವನು.

---

ಹಿಂಜವಡಿ_ರಾತ್ರಿಪಾಳಿ

ವಾಸ್ಕೋ ಅಣ್ಣ, ಡಿಸೋಜಾ ಬಾಂಬೆಯವನು ಅಂತ ನನಗೆ ಗೊತ್ತೇ ಇರಲಿಲ್ಲ. ನೀವು ಹೇಳಿದ ಆ 'ಕಂಡಿರಲೇ ಇಲ್ಲ' ಅನ್ನುವುದು ನಮ್ಮಲ್ಲಿ ಜಾತಿ ವಿಷಯಕ್ಕೂ ಸರಿಯಾಗಿ ಕೂರುತ್ತದೆ. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ಭೇದಕ್ಕೆ ನಿಷೇಧ ಹಾಕಿದಾಗ, ಆಮೇಲೆ ಕ್ಯಾಲಿಫೋರ್ನಿಯಾದ ಜಾತಿ ಮಸೂದೆಯನ್ನು ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ತಿರಸ್ಕರಿಸಿದಾಗ, ನಮ್ಮ ಆಫೀಸಿನಲ್ಲಿ ದೊಡ್ಡ ಚರ್ಚೆ. ಈಗೆಲ್ಲಿದೆ ಜಾತಿ, ನಾನಂತೂ ಒಂದು ದಿನವೂ ನೋಡಿಲ್ಲ ಅಂತ ಒಬ್ಬ ಹಿರಿಯರು ಎಷ್ಟು ಮನಸ್ಸಿನಿಂದ ಹೇಳಿದರು ಅಂದರೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅದೇ ವಾರ ಕ್ಯಾಂಟೀನಿನಲ್ಲಿ ಮಗಳ ಮ್ಯಾಟ್ರಿಮೊನಿ ಪ್ರೊಫೈಲ್ ತೋರಿಸಿ ಫೋಟೋ ಯಾವುದು ಹಾಕಲಿ ಅಂತ ಕೇಳಿದರು. ಜಾತಿ, ಉಪಜಾತಿ, ಗೋತ್ರ ಎಲ್ಲಾ ತುಂಬಿತ್ತು. 'ಜಾತಿ ಅಡ್ಡಿಯಿಲ್ಲ' ಅನ್ನುವ ಚೌಕ ಮಾತ್ರ ಖಾಲಿ.

ಒಂದು ಕೊನೆಯ ಪ್ರಶ್ನೆ. ಕನ್ಸರ್ವೇಟಿವ್ ಮಾತುಗಾರರ ವಿಡಿಯೋ ಹಾಕುತ್ತಿದ್ದ ಆ ಟೆನೆಟ್ ಮೀಡಿಯಾ ಕೇಸು? ಅಲ್ಲಿ ದುಡ್ಡು ನೇರವಾಗಿ ಸಿಕ್ಕಿಬಿದ್ದಿತ್ತಲ್ಲ. ನನ್ನ ಸಹೋದ್ಯೋಗಿ ಅದನ್ನೇ ಹಿಡಿದುಕೊಂಡಿದ್ದಾನೆ.

---

ಠಾಣೆ_ರಾವ್

ಜಾತಿ ಮಸೂದೆ ಬೇರೆ ವಿಷಯ, ಅಲ್ಲಿ ಆಗಲೇ ಇರುವ ಕಾನೂನು ಸಾಕು ಅಂತ ಗವರ್ನರ್ ಹೇಳಿದ್ದು. ಇಲ್ಲಿಗೆ ಎಳೆಯಬೇಡಿ. ಡಿಸೋಜಾ ಬಗ್ಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಅವನಿಗೆ ಬಿದ್ದ ಬೈಗುಳ ನಾನೂ ಓದಿದ್ದೇನೆ. ಹೊಲಸು.

---

ದಾದರ್_ಡೆಸ್ಕ್

ಟೆನೆಟ್ ಕೇಸು ನಿಮ್ಮ ಸಹೋದ್ಯೋಗಿಯ ವಾದಕ್ಕೆ ಉಲ್ಟಾ ಹೊಡೆಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹಾಕಿದ ಆರೋಪಪಟ್ಟಿ ಓದಿ. ರಷ್ಯಾದ ಆರ್‌ಟಿ ಚಾನೆಲ್‌ನ ಇಬ್ಬರು ನೌಕರರು ಟೆನೆಸ್ಸಿಯ ಈ ಕಂಪನಿಗೆ ಸುಮಾರು 1 ಕೋಟಿ ಡಾಲರ್ ಸಾಗಿಸಿದರು ಅನ್ನುವುದು ಆರೋಪ. ಒಬ್ಬ ಮಾತುಗಾರನಿಗೆ ವಾರಕ್ಕೆ ನಾಲ್ಕು ವಿಡಿಯೋಗೆ ತಿಂಗಳಿಗೆ 4 ಲಕ್ಷ ಡಾಲರ್, ಸಹಿ ಹಾಕಿದ್ದಕ್ಕೆ ಇನ್ನೊಂದು ಲಕ್ಷ. ದುಡ್ಡು ಕೊಡುವವನು ಯಾರು ಅಂತ ಕೇಳಿದವರಿಗೆ ಎಲ್ಲೂ ಇಲ್ಲದ ಒಬ್ಬ ಯುರೋಪಿನ ಶ್ರೀಮಂತನ ಹೆಸರು ಹೇಳಿದರು. ಮಾತುಗಾರರ ಮೇಲೆ ಕೇಸಿಲ್ಲ. ಅವರಿಗೆ ಮೋಸ ಮಾಡಲಾಗಿದೆ ಅಂತಲೇ ಆರೋಪಪಟ್ಟಿ ಹೇಳುತ್ತದೆ. ನಮಗೆ ಯಾರೂ ಹೀಗೆ ಮಾತಾಡಿ ಅಂತ ಹೇಳಿಕೊಡಲಿಲ್ಲ, ಹೇಳಿದ್ದೆಲ್ಲ ನಮ್ಮದೇ ಅಭಿಪ್ರಾಯ ಅಂತ ಅವರ ಸಮಜಾಯಿಷಿ.

ನಾನು ಅದನ್ನು ನಂಬುತ್ತೇನೆ. ದುಡ್ಡು ಬರುವ ಮೊದಲು ಏನು ಹೇಳುತ್ತಿದ್ದರೋ ಬಂದ ಮೇಲೂ ಅದನ್ನೇ ಹೇಳಿದರು, ಬೇಕಿದ್ದರೆ ಹಳೆಯ ವಿಡಿಯೋ ಹಾಕಿ ನೋಡಿ. ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳಿಸಲು ಯಾರಾದರೂ ಅಷ್ಟು ಖರ್ಚು ಮಾಡುತ್ತಾರಾ? ನಿಮಗೆ ಬೇಕಾದದ್ದನ್ನು ಆಗಲೇ ಮನಸಾರೆ ನಂಬಿಕೊಂಡು ಕೂಗುತ್ತಿರುವವನು ಯಾರು ಅಂತ ಹುಡುಕಿ, ಅವನ ಕೈಗೆ ದೊಡ್ಡ ಮೈಕ್ ಕೊಟ್ಟರೆ ಆಯಿತು.